ಮೊಸಳೆ ನದಿಯ ತೀರ್ಥ

“ಹಲೋ… ಹಾಂ, ಹಲೋ, ಯಾರು ಮಾತಾಡೋದು?…”

“ಯಾರು?… ಜರಾ ಜೋರಾಗಿ ಹೇಳ್ರಿ, ಕೆಳಗ ಕಾಯಿಪಲ್ಯದ ಬಂಡಿಯವ ಮೈಕಿನ್ಯಾಗ ಒದರ್ಲಿಕತ್ಯಾನ… ನಹೀ ಜೀ, ಲೋನ್ ನಹೀ ಚಾಹಿಯೇ, ಕುಛ್ ನಹೀ ಚಾಹಿಯೇ… ಏನಂದ್ರಿ? ಕನ್ನಡದವರಾ? ಹಂಗಂತ ಮೊದಲ ಹೇಳಬಾರದೇನ್ರಿ!…”

“ವಿಠಲ… ಯಾವ ವಿಠಲ?… ಹಾಂ ಹಾಂ, ಟೂರಿನ ವಿಠಲ! ನಮ್ಮ ಮೃಣಾಲಿನಿನ್ನ ಲಂಕಾ, ನೇಪಾಳ, ಭೂತಾನ ಅಂತ ತಿರುಗಿಸಿ ತಂದುಬಿಟ್ಟ ಗೈಡ್ ನೀವ ಅಲ್ವಾ?… ಅಯ್ಯ, ನಿನ್ನಿಯಿಂದ ನಿಮ್ಮ ಹೆಸರು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಾವ. ವಿಠಲ ಹಂಗಂದಾ, ವಿಠಲ ಹಿಂಗಂದಾ. ಪಂಢರಪುರದ ವಿಠ್ಠಲನ ಹೆಸರೂ ನಮ್ಮನ್ಯಾಗ ಅಷ್ಟು ಸಲ ತಗೊಂಡಿಲ್ಲ…”

ಫೋನು ಹಿಡಿದವರು ಕೃಷ್ಣಾಬಾಯಿ; ಇಲ್ಲಿ ಕೇಳುವುದೆಲ್ಲ ಅವರ ಮಾತಷ್ಟೇ. ಬರಕತ್‌ಪುರದ ಎರಡನೇ ಮಹಡಿಯಿಂದ ಆಕೆ ‘ಹಲೋ’ ಅಂದರೆ ಕಾಚಿಗುಡ ಸ್ಟೇಷನ್ನಿನಲ್ಲಿ ಹೊರಟ ರೈಲು ತನ್ನನ್ನೇ ಯಾರೋ ಕರೆದರೆಂದು ಅರೆಗಳಿಗೆ ನಿಂತುಬಿಡುತ್ತದೆ. ಮೃಣಾಲಿನಿ ಆಕೆಯ ನೆಗೆಣ್ಣಿ, ಮೈದುನನ ಹೆಂಡತಿ; ಆಕೆಯನ್ನು ‘ವೈನಿ’, ಅಂದರೆ ಅತ್ತಿಗೆ, ಎಂದು ಕರೆಯುವವಳು. ಅದೇ ಕಟ್ಟಡದ ಕೆಳಗಿನ ಮನೆಯಲ್ಲಿ ವಾಸ. ನಿನ್ನೆ ಪ್ರವಾಸದಿಂದ ಬಂದಿಳಿದವಳು ಚಪ್ಪಲಿ ಬಿಚ್ಚುವ ಮೊದಲೇ ಮೂರು ದೇಶಗಳ ಸುದ್ದಿ ಬಿಚ್ಚಿದ್ದಳು. ಅದನ್ನು ಕೇಳಿ ಕೃಷ್ಣಾಬಾಯಿಯವರ ಹೊಟ್ಟೆಯಲ್ಲಿ ಎದ್ದ ಉರಿಯ ಮೇಲೆ ಪಾತ್ರೆ ಇಟ್ಟಿದ್ದರೆ ಇಡೀ ಹೈದರಾಬಾದಿಗೆ ಒಂದು ಹೊತ್ತಿನ ಬಿರಿಯಾನಿ ಬೇಯುತ್ತಿತ್ತು.

“ಇಲ್ಲ, ಅಕಿ ಇಲ್ಲ. ಗಂಡನ್ನ ಕರಕೊಂಡು ಏರ್‌ಪೋರ್ಟಿಗೆ ಹೋಗ್ಯಾಳ… ಫೋನಾ? ಎಲ್ಲಿ ಎತ್ತಬೇಕು, ಮನ್ಯಾಗ ಚಾರ್ಜಿಗೆ ಹಚ್ಚಿಟ್ಟು ಮರತು ಹೋಗ್ಯಾಳ. ಕೆಳಗ ಒಂದ ಸವನೆ ಬಡಕೊಳ್ಳಿಕತ್ತಿತ್ತು, ಅದು ನೀವನಾ?… ಅದಕ್ಕ ಎರಡನೇ ನಂಬರಿಗೆ ಹಚ್ಚಿದ್ರಾ. ನನ್ನ ನಂಬರು ಕೊಟ್ಟಿದ್ಲಾ ಅಕಿ?… ಹೆಸರಿಲ್ಲ, ಬರೀ ‘ಮನಿ’ ಅಂತ?… ಏನರೆ ಆಪತ್ತು ಬಂದ್ರ ಇದಕ್ಕ ಮಾಡ್ರಿ ಅಂತ? ಆಹಾ! ಆಪತ್ತಿಗೆ ನಾನು, ಆನಿ ನೋಡಲಿಕ್ಕೆ ತಾನು!…”

“ಏರ್‌ಪೋರ್ಟಿಗೆ ಯಾಕಂದ್ರ, ಚೀಲ ಕಳಕೊಂಡಾಳ. ಕೆಂಪು ಚೀಲ. ಅಲ್ಲೇ ಬಿಟ್ಟು ಬಂದೀನೇನೋ ಅಂತ ಮುಂಜಾನಿಂದ ಒಂದ ಅಳು… ಏನು?… ಸಿಕ್ಕದಾ?… ನಿಮ್ಮ ಹತ್ರನ ಅದನಾ?… ವ್ಯಾನಿನ ಸೀಟಿನ ಕೆಳಗ… ಓಹೋ… ಸಿಕ್ಕದ…”

ಕೃಷ್ಣಾಬಾಯಿ ಖುಷಿಯಿಂದ ಹಾರಬೇಕಿತ್ತು. ಹಾರಲಿಲ್ಲ, ಕುರ್ಚಿಯಲ್ಲಿ ಕುಸಿದರು. ಕಾರಣವಿತ್ತು. ಅವರ ಮನೆತನದಲ್ಲಿ ಕುಲದೇವರ ಸಮಾರಾಧನೆಯ ದಿನ ಮುತ್ತೈದೆಯರಿಗೆ ಉಡಿ ತುಂಬುವಾಗ ಮೊದಲ ಉಡಿ ಹಿರಿಯ ಸೊಸೆಯದು. ಆದರೆ ಆ ವರ್ಷ ಯಾರಾದರೂ ಯಾತ್ರೆ ಮಾಡಿ ತೀರ್ಥ ತಂದಿದ್ದರೆ, ಎಷ್ಟೇ ಚಿಕ್ಕವಳಿರಲಿ, ಮೊದಲ ಉಡಿ ಆಕೆಗೆ. ದೊಡ್ಡವರೂ ಆಕೆಯ ಕಾಲಿಗೆ ಬೀಳಬೇಕು. ತೀರ್ಥ ತಂದರೆ ಅದು ಯಾತ್ರೆ, ಬರಿಗೈಯಲ್ಲಿ ಬಂದರೆ ಬರೀ ತಿರುಗಾಟ. ಮದುವೆಯಾಗಿ ಬಂದಂದಿನಿಂದ ಕೃಷ್ಣಾಬಾಯಿ ಮೊದಲ ಉಡಿಯನ್ನು ಯಾರಿಗೂ ಬಿಟ್ಟುಕೊಟ್ಟವರಲ್ಲ. ಒಂದು ವರ್ಷ ಮೈಯಲ್ಲಿ ದೋಸೆ ಹುಯ್ಯುವಷ್ಟು ಜ್ವರವಿದ್ದರೂ ಕಂಬಳಿ ಹೊದ್ದು ಬಂದು ಸೆರಗೊಡ್ಡಿದ್ದರು.

ಈ ಸಲದ ಸಮಾರಾಧನೆ ನಾಳೆ. ಬೇಗಂ ಬಜಾರಿನಿಂದ ಉತ್ತತ್ತಿ, ಕೊಬ್ಬರಿ ಬಟ್ಟಲು ಬಂದಾಗಿತ್ತು. ಸುಲ್ತಾನ್ ಬಜಾರನ್ನು ತಲೆಕೆಳಗು ಮಾಡಿ ತಂದ ಹಸಿರು ಸೀರೆಗೆ ಫಾಲ್ ಹಚ್ಚಿ ಆಗಿತ್ತು. ಅಷ್ಟರಲ್ಲಿ ಮೃಣಾಲಿನಿ ಬಂದು, “ವೈನಿ, ಗಂಡಕಿ ತೀರ್ಥ ತಂದೀನಿ. ನಾಳೆ ಎಲ್ಲಾರ ಮುಂದ ಒಂದು ಮಾತು ಹೇಳೋದದ,” ಅಂದುಬಿಟ್ಟಳು. ಹಸಿರು ಸೀರೆ ಅಲ್ಲೇ ಒಣಗಿ ಹಳದಿಯಾಯಿತು. ಪುಣ್ಯಕ್ಕೆ ಸಾಮಾನು ಎಣಿಸಿ ನೋಡಿದರೆ ತೀರ್ಥವಿದ್ದ ಚೀಲವೇ ನಾಪತ್ತೆ! ಬೆಳಗಿನಿಂದ ಕೃಷ್ಣಾಬಾಯಿ ನೆಗೆಣ್ಣಿಯ ಬೆನ್ನು ಸವರಿ ಸಮಾಧಾನ ಮಾಡಿದ ಪರಿಗೆ ಗೋಲ್ಕೊಂಡದ ಕಲ್ಲೂ ಕರಗುತ್ತಿತ್ತು. ಒಳಗೆ ಮಾತ್ರ ಚಾರ್‌ಮಿನಾರಿನ ಮೈತುಂಬ ದೀಪ ಹಚ್ಚಿದಷ್ಟು ಬೆಳಕು. ಈಗ ಈ ವಿಠಲ ಒಂದೊಂದೇ ದೀಪ ಊದತೊಡಗಿದ್ದ.

“ಹಲೋ… ಇದ್ದೀನಿ, ಇದ್ದೀನಿ… ಚೀಲದಾಗ ಏನೇನದ, ಜರಾ ತಗದು ನೋಡ್ರಿ… ಶಾಲು. ಹಾಂ… ಕಟ್ಟಿಗಿ ಆನಿ. ಹಾಂ, ಲಂಕಾದ್ದಿರಬೇಕು… ಬಾಟ್ಲಿ?…”

“ಎಂಥಾ ನೀರು?… ಎಲ್ಲೀದಂತ ನಿಮಗ ನೆನಪಿಲ್ಲಾ?… ರಾಡಿ ನೀರಾ? ತಳದಾಗ ಉಸುಕು ಕೂತದಾ?… ಮುಚ್ಚಳ ಸಡಲಾಗಿ ಶಾಲು ತೊಯ್ದದ… ಅಯ್ಯಯ್ಯ…”

“ಏನ್ರೀ?… ಯಾರೂ ಇಲ್ಲ, ರಾಂಗ್ ನಂಬರ್! ನೀವು ಪೇಪರ್ ಓದ್ರಿ!… ಅಲ್ಲ ವಿಠಲ, ನಿಮಗಲ್ಲ ಅಂದಿದ್ದು. ನಮ್ಮನಿಯವರಿಗೆ. ರಿಟೈರ್ ಆದಾಗಿಂದ ಕಿವಿ ಕೇಳಂಗಿಲ್ಲ ಅವರಿಗೆ, ಕೇಳಬಾರದ್ದು ಮಾತ್ರ ಛಲೋ ಕೇಳ್ತದ… ಹೇಳ್ರಿ… ಹಾಂ, ನೀರು… ಏನು ಮಾಡೋದಂತ ನನ್ನ ಕೇಳ್ತೀರಾ?…”

ಕೂತಲ್ಲಿಂದ ದೇವರ ಮನೆ ಕಾಣುತ್ತಿತ್ತು. ತಟ್ಟೆಯಲ್ಲಿ ಅತ್ತೆಯವರ ಕಾಲದ ಸಾಳಿಗ್ರಾಮ ಕಪ್ಪಗೆ ಕೂತಿತ್ತು. ಕೃಷ್ಣಾಬಾಯಿ ಕುರ್ಚಿಯನ್ನು ಎತ್ತಿ ಆ ಕಡೆಗೆ ಬೆನ್ನಾಗುವಂತೆ ತಿರುಗಿಸಿಕೊಂಡರು.

“…ಚೆಲ್ಲಿಬಿಡ್ರಿ.”

“ಹಾಂ, ಚೆಲ್ಲಿಬಿಡ್ರಿ ಅಂದೆ. ರಾಡಿ ನೀರು ಇಟ್ಕೊಂಡು ಏನು ಮಾಡೋದದ? ಇದ್ದ ಶಾಲೂ ಹಾಳಾಗ್ತದ… ಯಾರು? ಮೌನಪ್ಪ? ವ್ಯಾನು ತೊಳಿಯಾಂವಾ? ಹಾಂ, ಅಂವನ ಕೈಯಾಗ ಕೊಟ್ಟುಬಿಡ್ರಿ, ತೊಳಿಯೋದ್ರಾಗ ಬಾಟ್ಲಿನೂ ತೊಳದಿಡ್ತಾನ… ಗಾಲಿ ತೊಳದು ಆಮ್ಯಾಲ ಮಾಡ್ತೀನಿ ಅಂತಾನಾ? ಆಗಲಿ ಆಗಲಿ, ಅವಸರ ಏನದ…”

“ನೀವು ಚಹಾಕ್ಕ ಹೊಂಟ್ರಾ? ಹೋಗ್ರಿ, ಮಾತಾಡಕೋತ ಹೋಗ್ರಿ… ಫೋನಿನ್ಯಾಗ ಚಾರ್ಜ್ ಕಮ್ಮಿ ಅದಾ? ನಂದೇನು ದೊಡ್ಡ ಮಾತಿಲ್ಲ. ಎರಡ ಮಾತು ಕೇಳಿ ಇಟ್ಟುಬಿಡ್ತೀನಿ…”

ಕೃಷ್ಣಾಬಾಯಿಯವರ ಎರಡು ಮಾತು ಅಂದರೆ ಏನೆಂದು ಊರಿಗೆಲ್ಲ ಗೊತ್ತು. ಒಮ್ಮೆ ಎರಡು ಮಾತು ಆಡಲು ಕೂತಾಗ ಪಕ್ಕದ ಖಾಲಿ ಜಾಗದಲ್ಲಿ ಪಾಯ ತೋಡುತ್ತಿದ್ದರು. ಮಾತು ಮುಗಿಸಿ ಎದ್ದಾಗ ಅಲ್ಲಿ ಗೃಹಪ್ರವೇಶದ ಊಟಕ್ಕೆ ಎಲೆ ಹಾಕಿದ್ದರು.

“ಖರೇ ಹೇಳ್ರಿ ವಿಠಲ, ಇದು ಯಾತ್ರಾ ಅಲ್ಲಲ್ಲಾ? ತಿರುಗಾಟ ಅಲ್ವಾ? ಹುಲಿ, ಆನಿ, ಗುಡ್ಡ, ಗುಂಪಾಗಿ ನಿಂತು ಫೋಟೋ… ಹಾಂ, ಅದನ್ನ ನಾನೂ ಅನ್ನೋದು! ನಾಳೆ ಯಾರರೆ ಕೇಳಿದ್ರ ಹಂಗ ಹೇಳಬೇಕು ನೀವು… ನೀವು ಯಾ ಕಡಿಯವರು?… ಕಲಬುರ್ಗಿ? ಹಂಗಾರ ನಮ್ಮವನ ಆದಿ ಬಿಡು. ನೀ ಅಂತೀನಿ, ಸಿಟ್ಟಿಗೇಳಬ್ಯಾಡ ತಮ್ಮಾ…”

“ಲಂಕಾದಾಗ ಆನಿ ಹಿಂಡು ಬಂದು ಜೀಪಿಗೆ ಅಡ್ಡ ನಿಂತಿತ್ತಂತ, ಹೌದೇನು?… ದೂರಿದ್ವಾ? ಕೆರಿ ಆಚೀ ದಂಡ್ಯಾಗಾ? ನೋಡು ಮತ್ತ! ಅಕಿ ಹೇಳೋದು ಕೇಳಿದ್ರ ಆನಿ ಅಕಿ ತಲಿ ಹಿಕ್ಕಿ ಜಡಿ ಹಾಕ್ಯಾವ… ನಾ ಒಂದು ಹೇಳ್ತೀನಿ ಕೇಳು. ನಮ್ಮ ಜೂ ಪಾರ್ಕಿನ್ಯಾಗ ಒಂದು ಆನಿ ಇತ್ತು. ನಾ ಗೇಟಿನ್ಯಾಗ ಕಾಲಿಟ್ರ ಸಾಕು, ಅಲ್ಲಿಂದನ ಸೊಂಡಿ ಎತ್ತಿ ಸಲಾಂ ಹೊಡೀತಿತ್ತು. ಮಾವುತ ಅಂದಾ, ಅಮ್ಮಾ, ಮಂತ್ರಿ ಬಂದ್ರೂ ಎತ್ತಂಗಿಲ್ಲ ಇದು, ನಿಮಗಷ್ಟ ಎತ್ತತದ ಅಂತ… ನನ್ನ ಕೈಯಾಗ ಬಾಳಿಹಣ್ಣಾ? ಇತ್ತಪ್ಪಾ, ಒಂದು ಗೊನಿ ಇತ್ತು. ಅದಕ್ಕೂ ಇದಕ್ಕೂ ಏನು ಸಂಬಂಧ?…”

“ಹುಲಿ ನೋಡಿದ್ರಾ ನೀವು?… ಹೆಜ್ಜಿ ಅಷ್ಟಾ? ಹಹ್ಹಾ! ಅಷ್ಟು ದೂರ ಹೋಗಿ ಬರೀ ಹೆಜ್ಜಿ ನೋಡಿ ಬಂದ್ರಾ! ಶ್ರೀಶೈಲದ ಘಾಟಿನ್ಯಾಗ ನಮ್ಮ ಬಸ್ಸಿಗೆ ಹುಲಿನ ಅಡ್ಡ ಬಂದಿತ್ತು. ಡ್ರೈವರ್ ಸೀಟಿನ ಕೆಳಗ ಹೊಕ್ಕಾ. ನಾ ಖಿಡಕಿ ಸರಿಸಿ, ‘ಏ, ಸರೀ ಅತ್ಲಾಗ!’ ಅಂದೆ. ಸರೀತು ನೋಡು, ಬಾಲ ಮುದುಡಿ… ನಗಬ್ಯಾಡ!… ಕಂಡಕ್ಟರ್ ಅದನ್ನ ಬೆಕ್ಕು ಅಂದಾ, ಇಲ್ಲನ್ನಂಗಿಲ್ಲ. ಕಂಡಕ್ಟರಗ ಏನು ತಿಳೀತದ? ಅಂವ ಟಿಕೀಟು ಹರಿಯಾಂವ…”

“ಭೂತಾನದಾಗ ಗುಡ್ಡದ ಹೊಟ್ಟ್ಯಾಗ ಒಂದು ಮಠ ಅದಂತಲ್ಲ, ಅಲ್ಲಿ ತುದೀತನಾ ಹತ್ತಿದೆ, ಮೋಡ ಕಾಲಾಗ ಸಿಗ್ತಿದ್ವು ಅಂತಾಳ. ಹತ್ತಿದ್ಲಾ?… ಅರ್ಧಕ್ಕ ಕೂತ್ಲಾ! ಹೇಳು ಹೇಳು, ನಿಧಾನ ಹೇಳು, ಚಹಾ ಕುಡಕೋತ ಹೇಳು… ಕೂತು ಎಲ್ಲಾರಿಗೂ ಹಚ್ಚಿದ ಅವಲಕ್ಕಿ ಕೊಟ್ಲಾ… ಅದು ನಾ ಹಚ್ಚಿಕೊಟ್ಟಿದ್ದು! ಮೆಂತ್ಯದ ಹಿಟ್ಟು, ಶೇಂಗಾ, ಒಣಕೊಬ್ಬರಿ, ಎಲ್ಲಾ ನಂದ. ತಾ ಮಾಡೀನಿ ಅಂದಿರಬೇಕಲ್ಲ ಅಕಿ?… ಅನ್ನಲಿಲ್ಲಾ?…”

“ಏನಂದ್ಲು?… ‘ನಮ್ಮ ವೈನಿ ಕೈರುಚಿ, ಹೈದರಾಬಾದಿನ್ಯಾಗ ಯಾರಿಗೂ ಇಲ್ಲ’ ಅಂದ್ಲಾ?… ಹ್ಞೂಂ. ಅದಂತೂ ಖರೇ ಬಿಡು. ಹೈದರಾಬಾದ ಯಾಕ, ಬೀದರದಾಗೂ ಇಲ್ಲ…”

ಒಂದು ಗಳಿಗೆ ಹೊಟ್ಟೆಯ ಉರಿ ಕಡಿಮೆಯಾದಂತಾಯಿತು. ಒಲೆಯ ಮೇಲಿಟ್ಟ ಹಾಲು ಉಕ್ಕುವುದು ನಿಂತು, ಮತ್ತೆ ಉಕ್ಕಲು ಸಮಯ ನೋಡುವ ಹಾಗೆ. ಕೃಷ್ಣಾಬಾಯಿ ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದರು. ಈ ಕಿವಿ ಆಗಲೇ ಬಾಣಲೆಯ ಹಾಗೆ ಕಾದಿತ್ತು.

“ಅಲ್ಲೋ, ನನ್ನೂ ಕರದಿದ್ಲು ಅಕಿ. ಕರೀಲಿಲ್ಲ ಅಂದ್ರ ಬಾಯಿಗೆ ಹುಳಾ ಬೀಳ್ತಾವ. ‘ವೈನಿ, ಬರ್ರಿ, ಇಬ್ಬರೂ ಹೋಗೋಣು’ ಅಂತ ಬೆನ್ನು ಹತ್ತಿದ್ಲು. ನಾನ ಬ್ಯಾಡಂದೆ. ‘ನಾ ನೋಡದ್ದು ಏನದ ಅಲ್ಲೆ?’ ಅಂದೆ, ಎಲ್ಲಾರ ಮುಂದ… ಯಾಕಂದ್ರ… ನಿನ್ನ ಮುಂದ ಹೇಳ್ತೀನಿ, ಅಕಿಗೆ ಹೇಳೀಗೀಳೀ. ಮೊಣಕಾಲು. ಎರಡೂ ಕೂತು ಹೋಗ್ಯಾವ. ಈ ಮಹಡಿ ಇಳದು ಕೆಳಗ ಹೋಗೋದ ನಂಗ ಹಿಮಾಲಯ ಅದ. ಅದನ್ನ ಬಾಯಿಬಿಟ್ಟು ಹೇಳೋದು ಹೆಂಗ? ನಾ ಯಾರು!…”

“ಏನಿಲ್ಲ, ಆನಿ ಗೀನಿ ಹಾಳಾಗಿ ಹೋಗಲಿ. ಗಂಡಕಿ ಒಂದು ನೋಡಬೇಕಂತಿತ್ತು… ಹಾಂ, ಗಂಡಕಿ. ನಮ್ಮತ್ತಿಯವರು ಕೊಟ್ಟ ಸಾಳಿಗ್ರಾಮ ಅದ ಮನ್ಯಾಗ. ಅದು ಆ ನದ್ಯಾಗ ಹುಟ್ಟಿ ಬಂದದ್ದು. ಇವರು ದಿನಾ ಅಭಿಷೇಕ ಮಾಡೋಮುಂದ ನಾ ಬಾಗಿಲಾಗ ಕೂತು ನೋಡ್ತೀನಲ್ಲ, ಇದರ ತವರುಮನಿ ಒಮ್ಮೆ ನೋಡಬೇಕು ಅನಿಸ್ತದ. ಮದಿವ್ಯಾದಾಗಿಂದ ಅನ್ಕೋತ ಬಂದೀನಿ, ಮನ್ಯಾಗ ಎಲ್ಲಾರಿಗೂ ಗೊತ್ತದ. ಈಗ ಅಕಿ ನೋಡಿ ಬಂದ್ಲು. ನಾ ಹೇಳಿದ ಕನಸು ಅಕಿ ಕಂಡು ಬಂದಂಗಾತು ನೋಡು…”

“ಹೊಟ್ಟಿಕಿಚ್ಚಾ? ನಂಗಾ? ಥೂ ಥೂ!… ಸ್ವಲ್ಪ ಇದ್ದೀತು.”

“ಹೌದು, ನೀವು ಗಂಡಕಿ ಹರಿಯೋ ಮುಕ್ತಿನಾಥಕ್ಕ ಯಾವಾಗ ಹೋಗಿದ್ರಿ?… ಹೋಗಲಿಲ್ಲಾ?… ಮತ್ತ ಗಂಡಕಿ ಎಲ್ಲಿಂದ ಬಂತು? ಗಂಡಕಿ ತೀರ್ಥ ತಂದೀನಿ ಅಂತಾಳಲ್ಲ?… ಕಾಡಿನ್ಯಾಗ? ಖಡ್ಗಮೃಗ ನೋಡೋ ಕಾಡಿನ್ಯಾಗಾ?… ಅಲ್ಲಿ ನಾರಾಯಣಿ ಅಂತಾರ… ಹಾಂ… ಮ್ಯಾಲಿಂದ ಗಂಡಕಿನ ಇಳದು ಬಂದು ಅಲ್ಲಿ ನಾರಾಯಣಿ ಆಗತದ… ದೋಣಿಯವನಿಗೆ ಕೇಳಿ ಕೇಳಿ ತಿಳಕೊಂಡ್ಲಾ ಅಕಿ?…”

“ಏನಿರ್ತಾವ ಅದರಾಗ?… ಮೊಸಳಿ? ಮೊಸಳಿ ತೋರಸ್ಲಿಕ್ಕೇ ದೋಣ್ಯಾಗ ಕರಕೊಂಡು ಹೋಗ್ತೀರಾ?… ಹಹ್ಹಹ್ಹಾ! ಮೊಸಳಿ ಮೈ ತೊಳದ ನೀರು ತುಂಬಕೊಂಡು ತೀರ್ಥ ಅಂತ ತಂದಾಳ! ನಾಳೆ ಹೇಳ್ತೀನಿ ನೋಡು, ಕಾಚಿಗುಡದಿಂದ ಅಮೀರ್‌ಪೇಟತನಕ ಎಲ್ಲಾ ಬೀಗರೂ ಬರೋರಿದ್ದಾರ…”

ಗೆದ್ದ ಕೃಷ್ಣಾಬಾಯಿ ನಕ್ಕ ನಗುವಿಗೆ ತಂತಿಯ ಮೇಲೆ ಕೂತಿದ್ದ ಪಾರಿವಾಳಗಳು ಎದ್ದು ಸಿಕಂದರಾಬಾದಿನಲ್ಲಿ ಹೋಗಿ ಇಳಿದವು. ಇನ್ನು ಫೋನು ಇಡಬಹುದಿತ್ತು. ಕಡೆಯದಾಗಿ ಒಂದು ಕೆಲಸದ ಮಾತು ಉಳಿದಿತ್ತು.

“ಇರಲಿ, ಚೀಲ ಹೆಂಗ ಕಳಸ್ತೀ?… ನೀನ ಸಂಜಿಕ ತಂದುಕೊಡ್ತೀಯಾ? ಬಾ ಬಾ, ಊಟ ಮಾಡ್ಕೊಂಡು ಹೋಗೀಯಂತ. ಬರಕತ್‌ಪುರಕ್ಕ ಬಂದು ಯಾರನ್ನ ಕೇಳಿದ್ರೂ ಮನಿ ತೋರಸ್ತಾರ… ನನ್ನ ಹೆಸರಾ? ಕೃಷ್ಣಾಬಾಯಿ. ಕೃಷ್ಣಾಬಾಯಿ ಹನುಮಂತರಾವ್ ಅನ್ನು…”

“ಹಲೋ?… ಮತ್ತೊಮ್ಮೆ ಹೇಳ್ಲಾ?… ಹಾಂ, ಕೃಷ್ಣಾಬಾಯಿ ಹನುಮಂತರಾವ್. ನಾನ… ನಾನ ಅಂದ್ರ ನಾನ! ಯಾಕ, ನನ್ನ ಹೆಸರು ಮೊದಲ ಎಲ್ಲರೆ ಕೇಳಿದ್ದೇನು?… ನದ್ಯಾಗ?… ಯಾವ ನದ್ಯಾಗ?…”

“ಒಂದೊಂದ ಹೇಳು. ತಲಿ ಬಾಲ ಇಲ್ಲದಂಗ ಹೇಳಬ್ಯಾಡ… ಉಸುಕಿನ ದಿಬ್ಬಕ್ಕ ದೋಣಿ ನಿಲ್ಲಿಸಿದ್ರಿ. ಹಾಂ… ಎಲ್ಲಾರೂ ಮೊಸಳಿ ಫೋಟೋ ತಕ್ಕೊಳ್ಳಿಕತ್ತಿದ್ರು… ಅಕಿ?… ಅಕಿ ಕಚ್ಚಿ ಕಟ್ಟಿ ನೀರಿಗೆ ಇಳದ್ಲಾ!… ಮೊಸಳಿ ಇದ್ದ ನೀರಿಗಾ?… ಅಯ್ಯ ಹುಚ್ಚಿ, ಅಯ್ಯ ಹುಚ್ಚಿ!… ಮೊಸಳಿ ಎಷ್ಟು ದೂರ ಇತ್ತು?… ಎದುರಿನ ದಂಡ್ಯಾಗ ಬಾಯಿ ತಕ್ಕೊಂಡು ಮಲಗಿತ್ತು… ನೀ ಏನು ಮಾಡ್ಲಿಕತ್ತಿದ್ದಿ, ನಿಂತು ನೋಡ್ಲಿಕತ್ತಿದ್ದೇನು? ಎಂಥಾ ಗೈಡ್ ನೀನು!… ದೋಣಿ ನಡಸೋ ಗಳ ತಕ್ಕೊಂಡು ನೀರು ಬಡೀಲಿಕತ್ತಿದ್ದಿ… ಹಾಂ. ಶಾಬಾಸ್. ತಪ್ಪು ತಿಳೀಬ್ಯಾಡ…”

“ಕರದ್ರ ಬರಲಿಲ್ಲಾ?… ‘ಒಂದ ಮುಳುಗು, ಒಂದ ಮುಳುಗು’ ಅಂದ್ಲಾ… ಕೈ ಮುಗದು ಸಂಕಲ್ಪ ಹೇಳಿದ್ಲಾ? ಅಂಥಾದ್ರಾಗ? ಬಾಯಿ ತಕ್ಕೊಂಡ ಮೊಸಳಿ ಮುಂದ ಗೋತ್ರ ಹೇಳ್ಕೋತ ನಿಂತ್ಲಾ?… ಹೆಸರು… ಯಾರ ಹೆಸರು?…”

“…ಏನಂದಿ?”

ಬರಕತ್‌ಪುರದಲ್ಲಿ ಎಲ್ಲವೂ ನಿಂತುಹೋಯಿತು. ಕಾಯಿಪಲ್ಯದ ಮೈಕು ನಿಂತಿತು, ಆಟೋಗಳ ಹಾರನ್ನು ನಿಂತಿತು, ಒಳಗೆ ಹನುಮಂತರಾಯರು ಮಗುಚುತ್ತಿದ್ದ ಪೇಪರಿನ ಹಾಳೆ ಅರ್ಧ ಮಗುಚಿದ್ದು ಹಾಗೇ ಗಾಳಿಯಲ್ಲಿ ನಿಂತಿತು.

“ನನ್ನ ಹೆಸರಿಲೆ ಮುಳುಗು ಹಾಕಿದ್ಲಾ?… ‘ಕೃಷ್ಣಾಬಾಯಿ ಹನುಮಂತರಾವ್’ ಅಂತ ಕಾಡೆಲ್ಲಾ ಕೇಳೋಹಂಗ ಒದರಿ?… ನಾ ಇನ್ನೂ ಬದಕೀನಲ್ಲೋ!… ಹಾಂ… ಹಾಂ, ಗೊತ್ತದ, ಬದಕಿದ್ದವರ ಹೆಸರಿಲೆನೂ ಹಾಕ್ತಾರ. ಬರಲಿಕ್ಕೆ ಆಗದವರ ಹೆಸರಿಲೆ… ಗೊತ್ತದಪ್ಪಾ, ನಂಗ ಗೊತ್ತಿಲ್ಲೇನು…”

“ಮೊಣಕಾಲಿನ ಸುದ್ದಿ ಅಕಿಗೆ ಹೆಂಗ ಗೊತ್ತಾತು?… ‘ನಮ್ಮ ವೈನಿಗೆ ಮೆಟ್ಟಲ ಇಳಿಯೋದು ಆಗಂಗಿಲ್ಲ, ಆದ್ರ ಹೇಳಂಗಿಲ್ಲ’ ಅಂದಿದ್ಲಾ…”

“ಆಮ್ಯಾಲ? ತನ್ನ ಹೆಸರಿಲೆ ಹಾಕಿದ್ಲಲ್ಲ ಆಮ್ಯಾಲ?… ಹಾಕಲಿಲ್ಲಾ? ಯಾಕ?… ಮೊಸಳಿ ನೀರಿಗೆ ಜಾರಿತು… ನೀ ರಟ್ಟಿ ಹಿಡದು ಎಳಕೊಂಡಿ… ಅಂದ್ರ, ಒಂದ ಮುಳುಗು? ಅದೂ ನಂದಾ?… ಅಕೀದು ಆಗಲೇ ಇಲ್ಲಾ?…”

“ಬಾಟ್ಲಿ ಯಾವಾಗ ತುಂಬಿದ್ಲು?… ಮುಳುಗು ಹಾಕೋಮುಂದ ಕೈಯಾಗ ಇತ್ತಾ… ನೀ ಎಳಿಯೋಮುಂದ ಚಪ್ಪಲಿ ನದ್ಯಾಗ ಹೋದ್ವು, ಬಾಟ್ಲಿ ಬಿಡಲಿಲ್ಲಾ… ಬೈದಿದ್ದೆಲ್ಲಾ ನೀನು? ಛಲೋ ಮಾಡ್ದಿ… ಏನಂದ್ಲು?… ‘ಬೈರಿ ಬೈರಿ. ಇದು ನಂದಲ್ಲ, ನಮ್ಮ ವೈನಿ ಯಾತ್ರಾ’ ಅಂದ್ಲಾ…”

ಕೃಷ್ಣಾಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡರು. ಆ ಸದ್ದಿಗೆ ನಿಂತಿದ್ದ ಊರೆಲ್ಲ ಮತ್ತೆ ನಡೆಯತೊಡಗಿತು. ನಾಳೆ ಎಲ್ಲರ ಮುಂದೆ ಮೃಣಾಲಿನಿ ಹೇಳಬೇಕೆಂದಿದ್ದ ಆ ಒಂದು ಮಾತು ಯಾವುದೆಂದು ಈಗ ಹೊಳೆದಿತ್ತು. ಮುಳುಗು ಕೃಷ್ಣಾಬಾಯಿಯದು, ಯಾತ್ರೆ ಕೃಷ್ಣಾಬಾಯಿಯದು, ಹಿರಿಯ ಸೊಸೆಯೂ ಕೃಷ್ಣಾಬಾಯಿಯೇ. ಮೊದಲ ಉಡಿ ಈ ಸಲ ಎರಡೆರಡು ದಾರಿಯಿಂದ ಓಡಿಬಂದು ಅವರ ಸೆರಗಿಗೇ ಬೀಳುವುದಿತ್ತು. ಗೋಡೆಯ ಗೂಟದಲ್ಲಿದ್ದ ಹಸಿರು ಸೀರೆ ಮತ್ತೆ ಚಿಗುರಿತು. ಕಣ್ಣು ಇನ್ನೂ ಒಣಗಿರಲಿಲ್ಲ, ಆಗಲೇ ಬಾಯಿ ತನ್ನ ಕಸುಬು ಶುರು ಮಾಡಿತು.

“ಮೊಸಳಿ ಒಂದ ಇತ್ತಾ, ವಿಠಲ?… ಬರೀ ಒಂದಾ? ಛೇ. ಸಂಜಿಕ ಬಂದಾಗ ಯಾರರೆ ಕೇಳಿದ್ರ ಏಳು ಅನ್ನು… ಸುಳ್ಳು ಹೆಂಗಾಗತದ? ನೀರಾಗ ಮುಳುಗಿದ್ದವನ್ನ ನೀ ಎಣಿಸಿದ್ದೇನು?… ಮತ್ತ ನನ್ನ ಹೆಸರು ಕೇಳಿದ ಕೂಡ್ಲೇ ಅವು ಬಾಯಿ ಮುಚ್ಚಿಕೊಂಡ್ವು ಅನ್ನು… ಅಲ್ಲೋ, ಶ್ರೀಶೈಲದ ಹುಲಿನ ಸರದು ಹೋದಮ್ಯಾಲ ಮೊಸಳಿ ಯಾವ ಗಿಡದ ತೊಪ್ಪಲಾ?… ಆಗಲಿ, ಅಕೀದೂ ಒಂದು ಮಾತು ಹೇಳೋಣು. ಭಾಳ ಧೈರ್ಯದಾಕಿ ನಮ್ಮ ಮೃಣಾಲಿನಿ, ಅಂತ ನಾನ ಹೇಳ್ತೀನಿ. ಮೊದಲ ಉಡಿ ನಾ ತಗೋತೀನಿ, ಎರಡನೇದ್ದು ನನ್ನ ಕೈಲೆ ಅಕಿಗೆ ತುಂಬ್ತೀನಿ. ತಾಮ್ರದ ಗಿಂಡ್ಯಾಗ ಆ ತೀರ್ಥ ಹಾಕಿ, ಅದರ ಬಾಯಿಗೆ ಎಲಿ ಇಟ್ಟು, ಎಲ್ಲಾರ ನಡುವ ಅದನ್ನ ಇಟ್ಟು…”

ಮಾತು ಅಲ್ಲೇ ನಿಂತಿತು. ಜನ್ಮದಲ್ಲಿ ಮೊದಲ ಸಲ.

“…ವಿಠಲ. ಬಾಟ್ಲಿ.”

“ಬಾಟ್ಲಿ, ವಿಠಲ, ಬಾಟ್ಲಿ! ಮೌನಪ್ಪ ಎಲ್ಲಿದ್ದಾನ?… ಅಂಗಳದಾಗ? ನೀ ಇನ್ನೂ ಚಹಾದಂಗಡ್ಯಾಗಾ?… ಗಾಲಿ ತೊಳದು ಮುಗಿಸ್ಯಾನೇನು?… ಕಾಣಂಗಿಲ್ಲಾ? ಅಂವಗ ಫೋನು ಹಚ್ಚು… ಅಂವನ ಹತ್ರ ಫೋನಿಲ್ಲಾ!… ಓಡು! ಚಹಾ ಬಿಟ್ಟು ಓಡು, ನಿನ್ನ ಕಾಲಿಗೆ ಬೀಳ್ತೀನಿ…”

“ನಾನ ಅಂದೆ, ಹೌದಪ್ಪಾ, ನಾನ ಚೆಲ್ಲು ಅಂದೆ! ಯಾಕಂದೆ ಅಂತ ಆಮ್ಯಾಲ ಕೇಳು, ಈಗ ಓಡು… ಓಡ್ಲಿಕತ್ತೀಯಾ?… ಒದರು! ‘ಚೆಲ್ಲಬ್ಯಾಡ’ ಅಂತ ಒದರು… ಕೇಳವಲ್ಲದಾ? ಪೈಪಿನ ಸಪ್ಪಳಾ?… ಇನ್ನೂ ಜೋರಾಗಿ!…”

“ಏನ್ರೀ?… ರಾಂಗ್ ನಂಬರ್ ಅಲ್ರೀ! ನಮ್ಮ ಗಂಡಕಿ!… ನಿಮಗ ಆಮ್ಯಾಲ ಹೇಳ್ತೀನಿ!… ವಿಠಲ? ಇದ್ದೀಯಾ?… ಕಂಡನಾ?… ಕೈಯಾಗ ಏನದ?… ಬಾಟ್ಲಿನಾ?… ಮುಚ್ಚಳ… ಮುಚ್ಚಳ ತಗದಾನಾ?…”

ಕೃಷ್ಣಾಬಾಯಿ ಎದ್ದಿದ್ದರು. ಮೊಣಕಾಲು ಕೇಳದೆಯೇ ಎದ್ದು, ಫೋನು ಕಿವಿಗೊತ್ತಿಕೊಂಡು, ಹಿಮಾಲಯದಂಥ ಆ ಮೆಟ್ಟಿಲನ್ನು ಗೋಡೆ ಹಿಡಿದು ಒಂದೊಂದಾಗಿ ಇಳಿಯುತ್ತಿದ್ದರು. ಎಲ್ಲಿಗೆಂದು ಅವರಿಗೇ ಗೊತ್ತಿರಲಿಲ್ಲ.

“ವಿಠಲ, ಒಂದು ಹನಿ ಉಳದ್ರೂ ಸಾಕಪ್ಪಾ… ಶಾಲು ಹಿಂಡಬ್ಯಾಡ್ರಿ ಅನ್ನು, ಶಾಲು ತೊಯ್ದದಲ್ಲ, ಅದನ್ನರೆ ಹಂಗ ತಾ… ಏನಾತು?… ಬಗ್ಗಿಸಿದನಾ?… ಹಲೋ?… ಕೇಳಸವಲ್ಲದು, ಏನಂದಿ?…”

“ಕೆಳಗ ಆಟೋ ಬಂದು ನಿಂತಿತು, ವಿಠಲ. ಅಕಿ ಬಂದ್ಲು. ಇಳೀಲಿಕತ್ಯಾಳ, ಬರಿಗೈಲೆ… ಅತ್ತು ಅತ್ತು ಮಾರಿ ಬಾತದ… ನನ್ನ ನೋಡಿದ್ಲು… ಮೆಟ್ಟಲ ಯಾಕ ಇಳದ್ರಿ ವೈನಿ ಅಂತ ನನಗ ಬಯ್ಲಿಕತ್ಯಾಳೋ… ಅಕಿಗೆ ನಾ ಏನು ಹೇಳ್ಲಿ?… ಚೆಲ್ಲಿದನಾ, ಇಲ್ಲಾ?… ಅದೊಂದು ಹೇಳು… ವಿಠಲ?… ಚಾರ್ಜ್ ಹೋತೇನೋ?… ಹಲೋ… ಹಲೋ?…”